ಹಳೇ ಶಾಲೆಗಳ ನಡಿಗೆ, ಮಂಗಳೂರು: ದುಡ್ಡಿಗೆ ಮೋಸವಿಲ್ಲ, ಆದರೆ ಅರ್ಧ ಕತೆ ನುಂಗಿದ್ದಾರೆ

ಮಂಗಳೂರಿನ 19ನೇ ಶತಮಾನದ ಶಾಲೆಗಳನ್ನು ನಡೆಸಿಕೊಂಡೇ ತೋರಿಸುವ ಟೂರ್ ಒಂದಿದೆ. ಶನಿವಾರ ಬೆಳಿಗ್ಗೆ, ತಲೆಗೆ 600 ರೂಪಾಯಿ, ಮಧ್ಯೆ ಒಂದು ಲೋಟ ಮಜ್ಜಿಗೆ. ದೂರೂ ಇರುವುದರಿಂದ ನಡೆಸುವವರ ಹೆಸರು ಬರೆಯುವುದಿಲ್ಲ. ಹೋಗಬಹುದಾ ಅಂತ ಕೇಳಿದರೆ, ಧಾರಾಳವಾಗಿ ಹೋಗಿ.

ಶುರುವಾಗುವುದು ಬಲ್ಮಠದಲ್ಲಿ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ, ಎರಡೇ ವರ್ಷಕ್ಕೆ ಕನ್ನಡ ಶಾಲೆ ತೆರೆದರು. ಶಾಲೆ ಅಂದಮೇಲೆ ಪುಸ್ತಕ ಬೇಕು, ಪುಸ್ತಕಕ್ಕೆ ಪ್ರೆಸ್ ಬೇಕು. 1841ರಲ್ಲಿ ಅದೂ ಆಯಿತು. ಗೈಡ್ ಇಲ್ಲಿ 1843ರ ‘ಮಂಗಳೂರ ಸಮಾಚಾರ’ದ ಒಂದು ಪುಟದ ನಕಲನ್ನು ಕೈಗೆ ಕೊಟ್ಟರು. ಇದೇ ಮಿಶನ್‌ನ ಪಾದ್ರಿ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನದು. ಮೊಳೆ ಜೋಡಿಸಿದ್ದಲ್ಲ, ಕೈಬರಹವನ್ನೇ ಕಲ್ಲಿನಿಂದ ಒತ್ತಿದ್ದು, ಹಾಗಾಗಿ ಒಂದು ‘ಮ’ ಇದ್ದ ಹಾಗೆ ಇನ್ನೊಂದಿಲ್ಲ. ಎಷ್ಟು ಹೊತ್ತು ನೋಡುತ್ತಾ ನಿಂತೆ ಅಂದರೆ ಉಳಿದವರು ಗೇಟು ದಾಟಿದ್ದರು.

ಆಮೇಲೆ ಗೈಡ್ ಸೀದಾ ಮಿಶನ್‌ನವರ ಹೆಂಚಿನ ಕಾರ್ಖಾನೆಯ ಕತೆಗೆ ಹಾರಿದರು. ನನ್ನ ತಕರಾರು ಇಲ್ಲೇ. ಮಿಶನ್ ಶಾಲೆಗೆ ಮಕ್ಕಳನ್ನು ಕಳಿಸುತ್ತಿದ್ದ ಮೇಲ್ಜಾತಿಯವರಿಗೆ ಬೇಕಿದ್ದದ್ದು ಇಂಗ್ಲಿಷ್, ಕೋರ್ಟು ಕಚೇರಿಯ ಕೆಲಸ. ಮಿಶನ್‌ನವರಿಗೆ ಬೇಕಿದ್ದದ್ದು ಬೇರೆ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ ಇನ್ನಿಬ್ಬರ ಜೊತೆ ಕ್ರೈಸ್ತನಾದಾಗ ಊರಿಗೆ ಊರೇ ಗದ್ದಲ ಎದ್ದಿತ್ತು. ಅಕ್ಷರ ಬೇಕು, ಆದರೆ ಮಗ ಕೈತಪ್ಪಿ ಹೋಗಬಾರದು. ಈ ಭಯವನ್ನು ಬಿಟ್ಟು ಮುಂದಿನ ಒಂದು ಶಾಲೆಯನ್ನೂ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ ಮಾರಾಯ್ರೆ, ಅದನ್ನೇ ಹೇಳದಿದ್ದರೆ ಹೇಗೆ?

ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟ್ ಶಾಲೆ ಅಂದರೆ ಅಷ್ಟಕ್ಕಷ್ಟೇ. ಅವರು ರೋಮ್‌ಗೆ ಮನವಿ ಮಾಡಿ ಜೆಸ್ಯುಯಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳನ್ನು ಕರೆಸಿಕೊಂಡರು, 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾಯಿತು. ಅದರ ಚಾಪೆಲ್ (ಪ್ರಾರ್ಥನಾ ಮಂದಿರ) ಬಗ್ಗೆ ಮಾತ್ರ ಗೈಡ್ ಚೆನ್ನಾಗಿ ಹೇಳಿದರು. ಇಟಲಿಯಿಂದ ಬಂದ ಆಂತೋನಿಯೊ ಮೊಸ್ಕೆನಿ ಗೋಡೆಯ ಚಿತ್ರಗಳನ್ನು ಹಸಿ ಗಾರೆಯ ಮೇಲೆ ಬರೆದರೆ, ಮೇಲ್ಛಾವಣಿಯದ್ದನ್ನು ಕ್ಯಾನ್ವಾಸ್ ಮೇಲೆ ಬರೆದಿದ್ದಾರೆ. ಕತ್ತು ನೋಯುತ್ತದೆ, ನೋಯಲಿ, ನೋಡಿ.

ಹಂಪನಕಟ್ಟೆಯ ಸರ್ಕಾರಿ ಕಾಲೇಜು 1868ರದ್ದು, ಡೊಂಗರಕೇರಿಯ ಕೆನರಾ ಹೈಸ್ಕೂಲು 1891ರದ್ದು. ಕೆನರಾ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಗಳೇ ಮುಂದೆ ಕೆನರಾ ಬ್ಯಾಂಕೂ ಕಟ್ಟಿದರು ಅನ್ನುವುದನ್ನು ಗೈಡ್ ಎರಡೆರಡು ಸಲ ಹೇಳಿದರು. ಆದರೆ ದುಡ್ಡಿನ ವಿಷಯಕ್ಕೆ ಬಂದರೆ 1854ರಲ್ಲಿ ಲಂಡನ್ನಿನಿಂದ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ಆದೇಶಪತ್ರವನ್ನು, ಅಂದರೆ ವುಡ್ ಅವರ ನಿರೂಪವನ್ನು, ಹೇಳಲೇಬೇಕಿತ್ತು. ಖಾಸಗಿ ಶಾಲೆಗಳಿಗೂ, ಮಿಶನ್‌ನವು ಸೇರಿ, ಸರ್ಕಾರದ ಅನುದಾನ ಸಿಗುವ ಹಾಗೆ ಮಾಡಿದ್ದು ಅದು. ಸರ್ಕಾರ ನೋಡುತ್ತಿದ್ದದ್ದು ಶಾಲೆಯ ಪಾಠವನ್ನು, ಧರ್ಮವನ್ನಲ್ಲ. ಧರ್ಮದ ಶಾಲೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಇವತ್ತಿನ ವ್ಯವಸ್ಥೆಯ ಬೇರು ಅಲ್ಲೇ ಇದೆ ಅಲ್ವಾ?

ಇನ್ನೂ ದೊಡ್ಡ ಕೊರತೆ, ಶಾಲೆಯ ಒಳಗೆ ಬಿಡದವರ ಬಗ್ಗೆ ಒಂದು ಮಾತೂ ಇಲ್ಲ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಮಹಾರ್ ಎಂಬ ದಲಿತ ಜಾತಿಯ ಹುಡುಗನೊಬ್ಬನನ್ನು ಸೇರಿಸಿಕೊಳ್ಳಲಿಲ್ಲ. ಆಗ ಧಾರವಾಡವನ್ನು ಆಳುತ್ತಿದ್ದ ಬಾಂಬೆ ಸರ್ಕಾರವೂ ಅವನ ಪರ ನಿಲ್ಲಲಿಲ್ಲ. ಸಾರ್ವಜನಿಕ ಶಾಲೆ ಅಂದರೆ ಯಾರ ಶಾಲೆ ಎಂಬ ಪ್ರಶ್ನೆ ಲಂಡನ್ನಿನವರೆಗೆ ಹೋಯಿತು. ಮಂಗಳೂರಲ್ಲೇ ಕುದ್ಮುಲ್ ರಂಗರಾಯರು ಬ್ರಾಹ್ಮಣರಾಗಿದ್ದೂ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಸಂಸ್ಥೆಯನ್ನೇ ಕಟ್ಟಿದರು. ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. ಈ ನಡಿಗೆಯಲ್ಲಿ ಅವರ ಹೆಸರೇ ಇಲ್ಲ! ನಾನೇ ಕೇಳಿದ್ದಕ್ಕೆ, “ಹೌದು ಸರ್, ಅದು ರೂಟಲ್ಲಿ ಬರುವುದಿಲ್ಲ” ಅಂದರು.

ಮೈಕ್ ಬಸ್ಸಿನ ಹಾರ್ನ್ ಎದುರು ಸೋಲುತ್ತದೆ, ಮುಂದೆಯೇ ನಿಂತುಕೊಳ್ಳಿ. ಲೈಟ್‌ಹೌಸ್ ಹಿಲ್ ಏರು ವಯಸ್ಸಾದವರಿಗೆ ಕಷ್ಟ. ಮಜ್ಜಿಗೆ ಚೆನ್ನಾಗಿತ್ತು, ಶುಂಠಿ ಸ್ವಲ್ಪ ಜಾಸ್ತಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ರಂಗರಾಯರನ್ನು ರೂಟಿಗೆ ಸೇರಿಸಿದ ದಿನ ಇನ್ನೊಂದು ಸೇರಿಸುತ್ತೇನೆ.