ಟೇಬಲ್ ಟೆನಿಸ್ ಬ್ಯಾಟಿನ ಅಂಟು: ನೀರಿನ ಗ್ಲೂಗಳ ಒಂದು ವಿಮರ್ಶೆ

ಟೇಬಲ್ ಟೆನಿಸ್ ಬ್ಯಾಟಿಗೆ ಅಂಟು ಕೊಳ್ಳುವವರು ಮೊದಲು ಕೇಳುವುದು, ಅದು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು. ನಾನು ಬಳಸಿ ನೋಡಿದ ನೀರಿನ ಗ್ಲೂಗಳೆಲ್ಲವೂ ಆಟಕ್ಕೆ ಬೇಕಾದಷ್ಟು ಗಟ್ಟಿಯಾಗಿ ರಬ್ಬರನ್ನು ಹಿಡಿದಿವೆ. ಅವುಗಳ ನಡುವಿನ ವ್ಯತ್ಯಾಸ ತಿಳಿಯುವುದು ಕೆಲವು ತಿಂಗಳ ನಂತರ, ಸವೆದ ರಬ್ಬರನ್ನು ಕಿತ್ತು ಹೊಸದನ್ನು ಹಾಕುವಾಗ. ಒಣಗಿದ ಅಂಟು ಒಂದೇ ಹಾಳೆಯಾಗಿ ಸುಲಿದು ಬರುತ್ತದೆಯೇ, ರಬ್ಬರಿನ ಅಡಿಯಲ್ಲಿರುವ ಸ್ಪಂಜಿನ ಚೂರುಗಳನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆಯೇ, ಅಥವಾ ಬ್ಲೇಡಿನ, ಅಂದರೆ ಬ್ಯಾಟಿನ ಮರದ ಹಲಗೆಯ, ಎಳೆಗಳನ್ನೇ ಎಬ್ಬಿಸಿಬಿಡುತ್ತದೆಯೇ ಎಂಬುದರ ಮೇಲೆ ಸಾವಿರಾರು ರೂಪಾಯಿಯ ಬ್ಲೇಡು ಎಷ್ಟು ವರ್ಷ ಬಾಳುತ್ತದೆ ಎಂಬುದು ನಿರ್ಧಾರವಾಗುತ್ತದೆ. ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ನೋಡಿರುವುದು ಅದನ್ನೇ.

ಹಿರಿಯ ಆಟಗಾರರಲ್ಲಿ ಅನೇಕರು ಇಂದಿಗೂ ಅಂಟನ್ನು ವೇಗದ ಸಾಧನವೆಂದೇ ನೆನೆಯುತ್ತಾರೆ, ಅದಕ್ಕೆ ಕಾರಣವೂ ಇದೆ. 1970ರ ದಶಕದಿಂದ ಬಳಕೆಗೆ ಬಂದ ಸ್ಪೀಡ್ ಗ್ಲೂಗಳಲ್ಲಿದ್ದ ದ್ರಾವಕಗಳು ಸ್ಪಂಜಿನೊಳಗೆ ಇಳಿದು ಅದನ್ನು ಉಬ್ಬಿಸುತ್ತಿದ್ದವು. ಉಬ್ಬಿದ ಸ್ಪಂಜು ಮೇಲಿನ ರಬ್ಬರನ್ನು ಬಿಗಿಯಾಗಿ ಎಳೆದು ಹಿಡಿಯುತ್ತಿದ್ದುದರಿಂದ ಚೆಂಡಿಗೆ ಹೆಚ್ಚಿನ ವೇಗವೂ ಸ್ಪಿನ್ನೂ ಸಿಗುತ್ತಿದ್ದವು, ಹೊಡೆತಕ್ಕೆ ಒಂದು ವಿಶಿಷ್ಟ ಸದ್ದೂ ಬರುತ್ತಿತ್ತು. ದ್ರಾವಕ ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತಿದ್ದ ಕಾರಣ ಪಂದ್ಯಕ್ಕೆ ಮುನ್ನ ಮತ್ತೆ ಮತ್ತೆ ಅಂಟು ಹಚ್ಚಬೇಕಿತ್ತು, ಮುಚ್ಚಿದ ಕೋಣೆಗಳಲ್ಲಿ ಅದರ ಆವಿಯನ್ನು ಆಟಗಾರರೂ ಮಕ್ಕಳೂ ಉಸಿರಾಡುತ್ತಿದ್ದರು. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ ಬೀಜಿಂಗ್ ಒಲಿಂಪಿಕ್ಸ್ ಮುಗಿದ ಮೇಲೆ, 2008ರ ಸೆಪ್ಟೆಂಬರ್ 1ರಿಂದ ಇಂಥ ಅಂಟುಗಳನ್ನು ನಿಷೇಧಿಸಿತು. ಇದು ಆಟದ ಹಿತಕ್ಕಾಗಿ ಕೈಗೊಂಡ ಒಳ್ಳೆಯ ನಿರ್ಧಾರಗಳಲ್ಲಿ ಒಂದೆಂದು ನನ್ನ ದೃಢ ಅಭಿಪ್ರಾಯ. ಇಂದಿನ ಅಂಟಿನ ಕೆಲಸ ರಬ್ಬರನ್ನು ಹಿಡಿದಿಡುವುದು ಮತ್ತು ಬೇಕೆಂದಾಗ ಬಿಟ್ಟುಕೊಡುವುದು ಮಾತ್ರ. ವೇಗವನ್ನು ರಬ್ಬರ್ ತಯಾರಕರೇ ಕಾರ್ಖಾನೆಯಲ್ಲಿ ಸ್ಪಂಜಿನೊಳಗೆ ಅಡಗಿಸಿ ಕೊಡುತ್ತಾರೆ.

ಈಗ ಸಿಗುವ ಗ್ಲೂಗಳಲ್ಲಿ ಬಹುಪಾಲು ನೀರಿನಲ್ಲಿ ತೇಲುವ ಲೇಟೆಕ್ಸ್ ಕಣಗಳು. ಹಚ್ಚಿದಾಗ ಹಾಲಿನಂತೆ ಬೆಳ್ಳಗಿರುವ ಪದರವು ನೀರು ಆರಿದಂತೆಲ್ಲ ಪಾರದರ್ಶಕವಾಗುತ್ತದೆ. ಹೀಗೆ ಒಣಗಿದ ಎರಡು ಪದರಗಳು ಒಂದನ್ನೊಂದು ಮುಟ್ಟಿದ ಕೂಡಲೇ ಹಿಡಿದುಕೊಳ್ಳುತ್ತವೆ. ಬಟರ್‌ಫ್ಲೈ ಕಂಪನಿಯ ಫ್ರೀ ಚಾಕ್ ಈ ಜಾತಿಯದು, ಮತ್ತು ಹೊಸಬರಿಗೆ ನಾನು ಮೊದಲು ಹೇಳುವ ಹೆಸರೂ ಅದೇ. ಸ್ಪಂಜಿನ ತುಂಡಿನಿಂದ ಒಂದೇ ಸಮನಾಗಿ ಹರಡುತ್ತದೆ, ಟೆನರ್ಜಿ ರಬ್ಬರಿನಂಥ ದೊಡ್ಡ ರಂಧ್ರಗಳ ಸ್ಪಂಜಿನ ಮೇಲೂ ಎರಡನೆಯ ಲೇಪದ ಹೊತ್ತಿಗೆ ಸಮವಾದ ಪದರ ಕಟ್ಟುತ್ತದೆ, ಬ್ಲೇಡಿನಿಂದ ಬೆರಳಿನಲ್ಲಿ ಉಜ್ಜಿದರೆ ಸುರುಳಿ ಸುರುಳಿಯಾಗಿ ಬರುತ್ತದೆ. ರೆವಲ್ಯೂಷನ್ ನಂ. 3 ಎಂಬ ಇನ್ನೊಂದು ಗ್ಲೂ ಬೇರೆ ಬೇರೆ ಮಂದತ್ವಗಳಲ್ಲಿ ಸಿಗುತ್ತದೆ. ಅದರ ಮಂದವಾದ ಬಗೆಯು ಸ್ಪಂಜಿನೊಳಗೆ ಹೆಚ್ಚು ಇಳಿಯದೆ ಮೇಲೆಯೇ ನಿಂತು, ಕೀಳುವಾಗ ಪೂರ್ತಿ ಹಾಳೆಯಾಗಿ ಸುಲಿದು ಬರುವುದನ್ನು ನೋಡಿದರೆ ಮನಸ್ಸಿಗೆ ಸಮಾಧಾನವಾಗುತ್ತದೆ. ರಬ್ಬರನ್ನು ಒಂದು ಬ್ಲೇಡಿನಿಂದ ಇನ್ನೊಂದಕ್ಕೆ ಆಗಾಗ ಬದಲಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಮಂದವಾದ ಗ್ಲೂವನ್ನು ಸಮವಾಗಿ ಹರಡಲು ಕೈ ಪಳಗಿರಬೇಕು. ಗೆರೆಗಳು ಉಳಿದರೆ ಅವು ರಬ್ಬರಿನಡಿ ಉಬ್ಬಾಗಿಯೇ ಇರುತ್ತವೆ.

ಮನೆಯಲ್ಲಿರುವ ಅಂಟುಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಶಾಲಾ ಮಕ್ಕಳು ಈಗಲೂ ಅವನ್ನೇ ಬಳಸುತ್ತಾರೆ. ಮರಗೆಲಸದ ಬಿಳಿ ಅಂಟು ಒಣಗಿದರೆ ಗಡುಸಾಗುತ್ತದೆ, ಸ್ಪಂಜಿನ ಜೊತೆ ಬಾಗುವುದಿಲ್ಲ, ಮತ್ತು ಅದನ್ನು ಕೀಳಲು ಹೋದರೆ ಸ್ಪಂಜೋ ಮರವೋ ಹರಿಯಲೇಬೇಕು. ಚಪ್ಪಲಿ ಹೊಲಿಯುವವರು ಬಳಸುವ ಹಳದಿ ಅಂಟು ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಅದು ದ್ರಾವಕದ ಅಂಟು; ಅಧಿಕೃತ ಟೂರ್ನಿಗಳಲ್ಲಿ ಬ್ಯಾಟನ್ನು ಪರೀಕ್ಷಿಸುವ ಉಪಕರಣ ಅದರ ಆವಿಯನ್ನು ಪತ್ತೆ ಹಚ್ಚಬಲ್ಲದು. ಪಂದ್ಯಕ್ಕಿಂತ ಮಕ್ಕಳ ಶ್ವಾಸಕೋಶ ದೊಡ್ಡದು, ಅದಕ್ಕಾಗಿಯಾದರೂ ಅದನ್ನು ದೂರವಿಡಬೇಕೆಂದು ಪೋಷಕರನ್ನು ಕೇಳಿಕೊಳ್ಳುತ್ತೇನೆ.

ಹಚ್ಚುವ ಕ್ರಮದಲ್ಲಿ ಅತ್ಯಂತ ಮುಖ್ಯವಾದದ್ದು ಕಾಯುವುದು. ಬ್ಲೇಡಿನ ಮೇಲೆ ಒಂದು ತೆಳು ಲೇಪ, ಸ್ಪಂಜಿನ ಮೇಲೆ ಒಂದು ಲೇಪ ಹಚ್ಚಿ ಪೂರ್ತಿ ಒಣಗಿಸಿ, ಸ್ಪಂಜು ಹೀರಿಕೊಂಡಂತೆ ಕಂಡರೆ ಅದರ ಮೇಲೆ ಇನ್ನೊಂದು ಲೇಪ ಹಚ್ಚಬೇಕು. ಒಂದು ಬದಿಗೆ ಒಟ್ಟು 4-5 ಮಿಲಿಲೀಟರ್ ಸಾಕಾಗುತ್ತದೆ. ಗ್ಲೂವಿನ ನೀರು ಕುಡಿದ ಸ್ಪಂಜು ಬಿಲ್ಲಿನಂತೆ ಬಾಗುವುದನ್ನು ನೋಡಿ ಗಾಬರಿಯಾಗಬೇಕಿಲ್ಲ. ಒಣಗಿದಂತೆ ಅದು ಮತ್ತೆ ಚಪ್ಪಟೆಯಾಗುತ್ತದೆ. ಎಲ್ಲಿಯೂ ಬಿಳಿ ಮಚ್ಚೆ ಉಳಿಯದಷ್ಟು ಹೊತ್ತು ಕಾಯಲೇಬೇಕು. ಹಸಿಯಾಗಿರುವಾಗಲೇ ಅಂಟಿಸಿದರೆ ಒಳಗಿನ ನೀರಿಗೆ ಹೊರಹೋಗಲು ದಾರಿಯಿಲ್ಲ: ಗುಳ್ಳೆ ಏಳುತ್ತದೆ, ಅಂಚು ಬಿಡುತ್ತದೆ, ಮರವೂ ತೇವ ಹೀರುತ್ತದೆ. ಬ್ಲೇಡು ಮತ್ತು ರಬ್ಬರ್ ಒಟ್ಟಿಗೆ ಕೊಂಡರೆ ಅಂಟಿಸಿಕೊಡುವ ಅಂಗಡಿಗಳಲ್ಲಿ ಈ ಆತುರವನ್ನು ನಾನು ಕಂಡಿದ್ದೇನೆ. ಒಂದು ಕಡೆ ನನ್ನ ಬ್ಯಾಟನ್ನು ಗ್ಲೂ ಬೆಳ್ಳಗಿರುವಾಗಲೇ ಒತ್ತಿ ಕೊಟ್ಟರು, ವಾರದೊಳಗೆ ರಬ್ಬರಿನ ನಡುವೆ ಚೆಂಡು ಮಂಕಾಗಿ ಪುಟಿಯುವ ಜಾಗವೊಂದು ಕಾಣಿಸಿಕೊಂಡಿತು. ಅಂಗಡಿಯವರಿಗೆ ಕೊಟ್ಟರೂ ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು.

ಒಣಗುವ ಸಮಯ ಊರಿಂದೂರಿಗೆ ಬೇರೆ. ಬೇಸಿಗೆಯ ಕಲಬುರಗಿಯಲ್ಲಿ ಬೇಗ ಆರುವ ಅದೇ ಲೇಪ ಜುಲೈ ತಿಂಗಳ ಮಂಗಳೂರಿನಲ್ಲಿ ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಹೀಗಾಗಿ ಡಬ್ಬಿಯ ಮೇಲೆ ಬರೆದ ನಿಮಿಷಗಳನ್ನಲ್ಲ, ಪದರದ ಬಣ್ಣವನ್ನೇ ನಂಬಬೇಕು. ಫ್ಯಾನಿನ ಗಾಳಿ ಸಾಕು. ಹೇರ್ ಡ್ರೈಯರಿನ ಬಿಸಿ ಗಾಳಿ ಮೇಲ್ಪದರವನ್ನು ಮಾತ್ರ ಒಣಗಿಸಿ ಒಳಗೆ ತೇವ ಉಳಿಸುತ್ತದೆ.

ಅಂಟಿಸುವಾಗ ರಬ್ಬರಿನ ಕೆಳಗಿನ ಅಂಚನ್ನು ಹಿಡಿಯ ಬುಡಕ್ಕೆ ಸರಿಯಾಗಿ ಕೂರಿಸಿ, ಅಲ್ಲಿಂದ ಮೇಲಕ್ಕೆ ನಿಧಾನವಾಗಿ ಇಳಿಬಿಡುತ್ತ ಹೋಗಬೇಕು. ಒಣಗಿದ ಪದರಗಳು ಮುಟ್ಟಿದ ಮೇಲೆ ಜಾರಿಸಲಾಗುವುದಿಲ್ಲವಾದ್ದರಿಂದ ಈ ಮೊದಲ ಗೆರೆಯೇ ನಿರ್ಣಾಯಕ. ರೋಲರ್ ಅಥವಾ ಗಾಜಿನ ಬಾಟಲಿಯನ್ನು ಹಗುರವಾಗಿ ಉರುಳಿಸಬೇಕೇ ಹೊರತು ಬಲವಾಗಿ ಒತ್ತಿ ರಬ್ಬರನ್ನು ಹಿಗ್ಗಿಸಬಾರದು. ಹಿಗ್ಗಿದ ರಬ್ಬರ್ ಮತ್ತೆ ಕುಗ್ಗುವಾಗ ಅಂಚುಗಳನ್ನು ಎಬ್ಬಿಸುತ್ತದೆ. ಡಿಎಚ್‌ಎಸ್ ಹರಿಕೇನ್ 3ರಂಥ ಗಡುಸು ಸ್ಪಂಜಿನ ಚೀನೀ ರಬ್ಬರುಗಳಿಗೆ ಅಂಚಿನಲ್ಲಿ ಒಂದು ಲೇಪ ಹೆಚ್ಚಿಗೆ ಹಚ್ಚಿ, ಒಂದು ರಾತ್ರಿ ದಪ್ಪ ಪುಸ್ತಕಗಳ ಅಡಿ ಇಡುವುದು ವಾಸಿ. ಆದರೆ ಲೇಪಗಳನ್ನು ಮನಬಂದಂತೆ ಹೆಚ್ಚಿಸಲೂ ಆಗದು: ಸ್ಪಂಜು, ರಬ್ಬರ್ ಮತ್ತು ಅಂಟು ಎಲ್ಲ ಸೇರಿ 4 ಮಿಲಿಮೀಟರ್ ಮೀರಬಾರದೆಂದು ನಿಯಮವಿದೆ, ಅತಿ ದಪ್ಪ ಸ್ಪಂಜಿನ ರಬ್ಬರುಗಳು ಮೊದಲೇ ಆ ಮಿತಿಯ ಹತ್ತಿರವಿರುತ್ತವೆ.

ಬ್ಲೇಡಿನ ಹೊರಪದರ ಲಿಂಬಾ ಅಥವಾ ಹಿನೋಕಿ ಮರದ್ದಾಗಿದ್ದರೆ, ಮೊದಲ ಸಲ ಅಂಟಿಸುವ ಮುನ್ನವೇ ನೀರಿನ ವಾರ್ನಿಷ್‌ನ ಅತ್ಯಂತ ತೆಳುವಾದ ಒಂದು ಲೇಪ ಕೊಡುವುದನ್ನು ನಾನು ಕಡ್ಡಾಯವೆಂದೇ ಎಣಿಸುತ್ತೇನೆ. ಒಳ್ಳೆಯ ಗ್ಲೂ ಕೂಡ ಮೃದು ಮರದ ಎಳೆಗಳನ್ನು ಎಬ್ಬಿಸಬಲ್ಲದು. ಕೀಳುವಾಗ ಹಿಡಿಯ ಪಕ್ಕದ ಮೂಲೆಯಿಂದ ಆರಂಭಿಸಿ, ಓರೆಯಾಗಿ, ಎಳೆ ಎದ್ದೀತೇ ಎಂದು ನೋಡುತ್ತ ನಿಧಾನವಾಗಿ ಎಳೆಯಬೇಕು.

ಭಾರತದ ಆಟಗಾರ್ತಿ ಮಣಿಕಾ ಬಾತ್ರಾ ಅವರ ಬ್ಯಾಕ್‌ಹ್ಯಾಂಡ್ ನೋಡಿ ಲಾಂಗ್ ಪಿಂಪಲ್ಸ್ (ಹೊರಮೈಯಲ್ಲಿ ಉದ್ದನೆಯ ಮೊನೆಗಳಿರುವ ರಬ್ಬರ್) ಕಡೆಗೆ ಒಲಿಯುವ ಮಕ್ಕಳು ಈಚೆಗೆ ಹೆಚ್ಚಾಗಿದ್ದಾರೆ. ಸ್ಪಂಜಿಲ್ಲದ ಪಿಂಪಲ್ಸ್ ಹಾಳೆಯನ್ನು ಆರಿಸಿಕೊಂಡವರಿಗೆ ಮೇಲೆ ಹೇಳಿದ ಯಾವ ಗ್ಲೂವನ್ನೂ ನಾನು ಹೇಳಲಾರೆ. ತೆಳುವಾದ ಆ ಹಾಳೆ ತೇವಕ್ಕೆ ಸುರುಳಿ ಸುತ್ತುತ್ತದೆ, ಹರಡುವಾಗ ಹಿಗ್ಗುತ್ತದೆ. ಅದಕ್ಕೆಂದೇ ಎರಡೂ ಬದಿ ಅಂಟಿರುವ ಗ್ಲೂ ಶೀಟುಗಳು ಸಿಗುತ್ತವೆ. ಮೊದಲು ಹಾಳೆಗೆ ಅಂಟಿಸಿ, ಗಾಳಿ ಸೇರದಂತೆ ಸವರಿ, ಆಮೇಲೆ ಬ್ಲೇಡಿಗೆ ಕೂರಿಸಿದರೆ ಕೆಲಸ ಮುಗಿಯಿತು.

ಒಬ್ಬರೇ ಆಡುವವರು ಚಿಕ್ಕ ಬಾಟಲಿಯನ್ನೇ ಕೊಳ್ಳಲಿ. ತೆರೆದ ಲೇಟೆಕ್ಸ್ ಕಾಲಕ್ರಮದಲ್ಲಿ ಹೆಪ್ಪುಗಟ್ಟುತ್ತದೆ, ಆ ಗಂಟುಗಳು ರಬ್ಬರಿನಡಿ ಸೇರಿದರೆ ತೆಗೆಯಲು ಬರುವುದಿಲ್ಲ. ಕ್ಲಬ್ಬುಗಳು ದೊಡ್ಡ ಬಾಟಲಿ ತರಿಸಿದರೆ ಬೇಕಾದಷ್ಟನ್ನೇ ಚಿಕ್ಕದಕ್ಕೆ ಸುರಿದುಕೊಂಡು, ಉಳಿದುದರ ಮುಚ್ಚಳವನ್ನು ಬಿಗಿಯಾಗಿ ಹಾಕಿ ನೆರಳಿನಲ್ಲಿಡಬೇಕು, ಮತ್ತು ಸುರಿದುಕೊಂಡದ್ದರಲ್ಲಿ ಮಿಕ್ಕಿದ್ದನ್ನು ದೊಡ್ಡ ಬಾಟಲಿಗೆ ಮರಳಿ ಸೇರಿಸಬಾರದು.