ಮಂಗಳವಾರದ ಮಾನಸಿಕ ಕ್ಲಿನಿಕ್: ಅಣ್ಣನ ಜೊತೆ ಆರು ವರ್ಷ ಓಡಾಡಿದ ಮೇಲೆ

ಅಣ್ಣನಿಗೆ ಈಗ 41. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ಕಡಿಮೆ. ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ 75 ಪರ್ಸೆಂಟ್ ಅಂತಿದೆ. ಅವನ ಹತ್ತಿರ ಇರೋದು ಇಪ್ಪತ್ತು ಮೂವತ್ತು ಮಾತು, ಅಷ್ಟೇ. ಅವ್ವ ತೀರಿಕೊಂಡ ವರ್ಷ ನಿದ್ದೆ ಬಿಟ್ಟ, ಕೈಗೆ ಸಿಕ್ಕಿದ್ದು ಎಸೆಯಲು ಶುರು ಮಾಡಿದ. ಅಂದಿನಿಂದ ಗದಗ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಕ್ಲಿನಿಕ್ಕೇ ನಮಗೆ ಆಧಾರ. ಯಾವ ತಾಲೂಕು ಅಂತ ಬರೆಯೋದಿಲ್ಲ. ಮುಂದಿನ ತಿಂಗಳೂ ಅಲ್ಲಿಗೇ ಹೋಗಬೇಕಲ್ವಾ?

ಒಳ್ಳೇದು ಮೊದಲು ಹೇಳ್ತೀನಿ. ಗುಳಿಗೆ ಪುಕ್ಕಟೆ. ಇದು ಇಲ್ಲದಿದ್ದರೆ ತಿಂಗಳಿಗೊಮ್ಮೆ ಕೂಲಿ ಬಿಟ್ಟು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋಗಬೇಕಿತ್ತು, ಅವನನ್ನು ಕಟ್ಟಿಕೊಂಡು ಅಷ್ಟು ದೂರದ ಬಸ್ ಪ್ರಯಾಣ ಸುಮ್ನೆ ಮಾತಲ್ಲ. 2023ರ ಜೂನ್‌ನಿಂದ ನನಗೆ ಶಕ್ತಿ ಯೋಜನೆ ಇದೆ, ಅವನಿಗೆ ಅಂಗವಿಕಲರ ಪಾಸ್ ಇದೆ. ಬಸ್ಸಿಗೆ ಹೆಚ್ಚು ಖರ್ಚಿಲ್ಲ. ಎರಡು ಸಲ ಸ್ಟಾಕ್ ಇಲ್ಲ ಅಂತ ಹೊರಗಿನಿಂದ ಗುಳಿಗೆ ತಂದಿದ್ದು ಬಿಟ್ಟರೆ ಅದರಲ್ಲಿ ತಕರಾರಿಲ್ಲ.

ತಕರಾರು ಇರೋದು ನೋಡುವ ರೀತಿಯಲ್ಲಿ. ಡಾಕ್ಟರು ಬದಲಾಗುತ್ತಲೇ ಇರುತ್ತಾರೆ. ಯಾರೇ ಬಂದರೂ ಅಣ್ಣ ಎದುರಿಗೇ ಕೂತಿದ್ದಾಗ ನನ್ನ ಕಡೆ ತಿರುಗಿ "ಹೆಂಗದಾರ್ರೀ ಈಗ?" ಅಂತ ಕೇಳುತ್ತಾರೆ. ಮೂರು ನಿಮಿಷದಲ್ಲಿ ಚೀಟಿ ಕೈಗೆ.

ಎರಡು ವರ್ಷದ ಹಿಂದೆ ರಾತ್ರಿಯೆಲ್ಲ ಕೂಗಾಡಲು ಶುರು ಮಾಡಿದ. ಬೆಳಗ್ಗೆ ಎದ್ದವನೇ ಮನೆ ಮುಂದಿನ ಕಟ್ಟೆಯ ಮೇಲೆ ಬೋರಲು ಮಲಗಿ ಹೊಟ್ಟೆ ಒತ್ತಿಕೊಳ್ಳುತ್ತಿದ್ದ. ಇದನ್ನೂ ಹೇಳಿದೆ. "ಇಂಥವರು ಹಂಗ ಮಾಡ್ತಾರ್ರೀ" ಅಂದರು. ಅವನನ್ನು ಶಾಂತ ಮಾಡೋಕೆ ಕೊಡುತ್ತಿದ್ದ ರಿಸ್ಪೆರಿಡೋನ್ ಗುಳಿಗೆ ಜಾಸ್ತಿ ಮಾಡಿದರು. ಅದಕ್ಕೆ ಕೈ ನಡುಗತೊಡಗಿತು, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೊಟ್ಟರು. ಕೂಗಾಟ ಇನ್ನೂ ಜೋರಾಯಿತು. ಅದಕ್ಕೆ ಮತ್ತೆ ಡೋಸ್ ಏರಿಸಿದರು.

ಮೂರನೇ ತಿಂಗಳು ತೂಕ ನೋಡುವಲ್ಲಿ ಹೊಸ ನರ್ಸ್ ಒಬ್ಬರು ಇದ್ದರು. ನನ್ನನ್ನು ಬಿಟ್ಟು ಅವನನ್ನೇ ಕೇಳಿದರು. "ಅಣ್ಣಾರ, ಹೊಟ್ಟಿ ನೋಯತೈತೇನ್ರಿ?" ಅವನು ಅವರ ಕೈ ಹಿಡಿದು ತನ್ನ ಹೊಟ್ಟೆ ಮೇಲೆ ಇಟ್ಟುಕೊಂಡ. "ಸಂಡಾಸಕ್ಕ ಹೋಗಿ ಎಷ್ಟು ದಿನಾ ಆತ್ರೀ?" ಅಂತ ನನ್ನನ್ನು ಕೇಳಿದಾಗ ನನಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು. ನಲವತ್ತರ ಗಂಡಸು, ತಾನೇ ಹೋಗಿ ಬರುತ್ತಾನೆ, ಯಾರು ಲೆಕ್ಕ ಇಡುತ್ತಾರೆ? ಆ ನಡುಕದ ಗುಳಿಗೆ ಮಲಬದ್ಧತೆ ಮಾಡುತ್ತದಂತೆ. ಮೊದಲೇ ಕಟ್ಟಿದ್ದ ಹೊಟ್ಟೆಗೆ ಇನ್ನಷ್ಟು ಬೀಗ ಹಾಕಿದಂಗಾಗಿತ್ತು. ನರ್ಸ್ ಹೇಳಿದ ಮೇಲೆ ಡಾಕ್ಟರು ಎರಡೂ ಗುಳಿಗೆ ಮೆಲ್ಲಗೆ ಇಳಿಸಿದರು, ಹೊಟ್ಟೆ ಸಡಿಲಾಗಲು ಔಷಧ ಬರೆದರು. ವಾರದೊಳಗೆ ಮಲಗತೊಡಗಿದ. ಈಗ ಗೋಡೆ ಕ್ಯಾಲೆಂಡರಿನಲ್ಲಿ ದಿನಾ ಗೀಟು ಹಾಕ್ತೀನಿ. ನಿದ್ದೆಗೊಂದು, ಸಂಡಾಸಿಗೊಂದು. ಹೋಗುವಾಗ ಅದರ ಫೋಟೋ ತೆಗೆದುಕೊಂಡು ಹೋಗ್ತೀನಿ. ನೀವೂ ಹೀಗೆ ಮಾಡಿ.

ಇನ್ನೊಂದು ಬೇಜಾರಿದೆ. ಅವ್ವ ಹೋದ ದುಃಖಕ್ಕೆ ಅವನಿಗೆ ಏನಾದರೂ ಸಹಾಯ ಸಿಗುತ್ತಾ ಅಂತ ಕೇಳಿದ್ದೆ. "ಬುದ್ಧಿಮಾಂದ್ಯ ನಮ್ಮಲ್ಲಿ ಬರಂಗಿಲ್ಲ" ಅಂದು ಇನ್ನೊಂದು ಕಚೇರಿಗೆ ಕಳಿಸಿದರು. ಆ ಕಚೇರಿಯವರು ವಾಪಸ್ ಆಸ್ಪತ್ರೆಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆ ಅಂತ ಹಿಡಿಯೋದಿಲ್ಲ, ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದಲ್ಲಿ ಅದು ಬರುತ್ತದೆ. ಆದರೆ ಬುದ್ಧಿ ಕಡಿಮೆ ಇದ್ದವನಿಗೆ ಮನಸ್ಸೂ ಕೆಡಬಹುದು ಅಲ್ವಾ? ಅವನು ಇವತ್ತಿಗೂ ದೀಪ ಹಚ್ಚುವ ಹೊತ್ತಿಗೆ ಅವ್ವನ ಕೌದಿ ಹೊದ್ದುಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಆರು ವರ್ಷದಲ್ಲಿ ಯಾರೂ ಅದರ ಬಗ್ಗೆ ಕೇಳಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿದ್ದೆ. ಕನ್ನಡದಲ್ಲೇ ಸಮಾಧಾನದಿಂದ ಮಾತಾಡಿದರು. ನನಗೆ ಹಗುರಾಯಿತು. ಆದರೆ ಅಣ್ಣ ಫೋನ್ ಕಿವಿಗಿಟ್ಟರೆ ನಗುತ್ತಾನೆ, ಮಾತಾಡೋದಿಲ್ಲ. ಅವನ ಪಾಲಿಗೆ ಎದುರಿಗೆ ಕೂತು ಕೇಳುವವರೇ ಬೇಕು.

5ಕ್ಕೆ 3 ಕೊಡ್ತೀನಿ. ಆ ನರ್ಸ್ ಇದ್ದ ತಿಂಗಳುಗಳಿಗೆ 4 ಕೊಡ್ತಿದ್ದೆ. ಅವರಿಗೆ ಈಗ ವರ್ಗ ಆಗಿದೆ. ಅಣ್ಣ ಮಾತ್ರ ಈಗಲೂ ಒಳಗೆ ಹೋದ ಕೂಡಲೇ ತೂಕದ ಯಂತ್ರದ ಹತ್ತಿರ ಹೋಗಿ ಕೈ ಚಾಚಿ ನಿಲ್ಲುತ್ತಾನೆ.