ಎರಡು ವರ್ಷ ಬಳಸಿದ ಮೇಲೆ: ಬಂದರಿನ ಶಿಫ್ಟ್ ಆ್ಯಪ್

ನಾನು ಕಂಟೇನರ್ ಟರ್ಮಿನಲ್‌ನಲ್ಲಿ ಕ್ರೇನ್ ಆಪರೇಟರ್. ಮೊದಲು ನಮಗೆ ಗೋಡೆಗೆ ಅಂಟಿಸಿದ ಶಿಫ್ಟ್ ಪಟ್ಟಿಯೇ ಗತಿ. ಮಂಜು, ಗಾಳಿ, ಹಿಂದಿನ ಬಂದರಿನಲ್ಲಾದ ತಡ, ಏನೇ ಕಾರಣಕ್ಕೆ ಹಡಗು ಬರುವುದು ಆರು ಗಂಟೆ ತಡವಾದರೂ ನಾವು ಹೊತ್ತಿಗೆ ಸರಿಯಾಗಿ ಹೋಗಿ ಸುಮ್ನೆ ಕೂರಬೇಕಿತ್ತು.

ಈಗ ಮಲಗುವ ಮುಂಚೆ ಆ್ಯಪ್ ನೋಡಿಯೇ ಅಲಾರಂ ಇಡುತ್ತೇನೆ. ಹಡಗಿನ ಹೆಸರು, ಅದು ನಿಲ್ಲುವ ಬರ್ತ್ ನಂಬರ್, ಬರುವ ಹೊತ್ತು. ಹಡಗು ತಡವಾದರೆ ನನ್ನ ಶಿಫ್ಟೂ ಅದರ ಜೊತೆಗೇ ಮುಂದೆ ಹೋಗಿರುತ್ತದೆ. ಇನ್ನೂ ಎರಡು ಗಂಟೆ ಮಲಗಬಹುದು ಅನ್ನುವ ಖುಷಿ ಶಿಫ್ಟ್ ಕೆಲಸ ಮಾಡಿದವರಿಗೇ ಗೊತ್ತು. ಅದಲುಬದಲೂ ಸಲೀಸು. ಅದೇ ಕ್ರೇನ್ ಓಡಿಸಲು ತರಬೇತಿ ಇರುವವರ ಹೆಸರಷ್ಟೇ ತೋರಿಸುತ್ತದೆ, ಒಬ್ಬರು ಒಪ್ಪಿದರೆ ಮುಗಿಯಿತು. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ.

ಇಷ್ಟಕ್ಕೇ ಐದು ಸ್ಟಾರ್ ಕೊಡುತ್ತಿದ್ದೆ. ಮೂರಕ್ಕೆ ಇಳಿಸಿದ್ದು ವಿಶ್ರಾಂತಿಯ ಲೆಕ್ಕ.

ಎರಡು ಶಿಫ್ಟ್ ನಡುವೆ 11 ಗಂಟೆ ಬಿಡುವು ಇರಬೇಕೆಂದು ಇದರಲ್ಲಿ ಹಾಕಿದ್ದಾರೆ. ಯುರೋಪಿಯನ್ ಒಕ್ಕೂಟದ 2003ರ ನಿಯಮದಲ್ಲೂ 24 ಗಂಟೆಯಲ್ಲಿ ಸತತ 11 ಗಂಟೆ ಅಂತಲೇ ಇದೆ. ಒಳ್ಳೆಯದೇ. ಆದರೆ ಆ್ಯಪ್ ಎಣಿಸುವುದು ಶಿಫ್ಟ್ ಮುಗಿಯಬೇಕಿದ್ದ ಹೊತ್ತಿನಿಂದ. ಒಮ್ಮೆ ರಾತ್ರಿ 10ಕ್ಕೆ ಮುಗಿಯಬೇಕಿದ್ದ ಕೆಲಸ 12.30ರ ತನಕ ಎಳೆಯಿತು. ಮರುದಿನ ಬೆಳಿಗ್ಗೆ 9ಕ್ಕೆ ಮತ್ತೆ ಶಿಫ್ಟ್. ಆ್ಯಪ್‌ನಲ್ಲಿ ಹಸಿರು ಗುರುತು, ‘11 ಗಂಟೆ’. ನಿಜವಾಗಿ ಸಿಕ್ಕಿದ್ದು ಎಂಟೂವರೆ. ಮನೆಗೆ ಹೋಗಿ ಬರುವುದೂ ಅದರಲ್ಲೇ.

ಆ ಬೆಳಿಗ್ಗೆ ಕ್ಯಾಬಿನ್‌ನಲ್ಲಿ ಕೂತು ಕಾಲಡಿಯ ಗಾಜಿನಿಂದ ಕೆಳಗೆ ನೋಡುತ್ತಾ ಸ್ಪ್ರೆಡರ್, ಅಂದರೆ ಕಂಟೇನರನ್ನು ಹಿಡಿದೆತ್ತುವ ಚೌಕಟ್ಟು, ಇಳಿಸುತ್ತಿದ್ದೆ. ಕಂಟೇನರಿನ ನಾಲ್ಕು ಮೂಲೆಗೂ ಲಾಕ್ ಕೂರಬೇಕು. ಮೂರು ಸಲ ಇಳಿಸಿದೆ, ಕೂರಲಿಲ್ಲ. ಕಣ್ಣು ಎಳೆಯುತ್ತಿತ್ತು. ಡೆಕ್ ಮೇಲೆ ಕಂಟೇನರುಗಳನ್ನು ಬಿಗಿಯುವ, ಬಿಚ್ಚುವ ಲ್ಯಾಶಿಂಗ್ ಗ್ಯಾಂಗ್‌ನವರು ಓಡಾಡುತ್ತಿದ್ದರು. ಭಯವಾಯಿತು. ಸ್ಪ್ರೆಡರ್ ಮೇಲೆತ್ತಿ, ರೇಡಿಯೊದಲ್ಲಿ ಬದಲಿ ಆಪರೇಟರ್ ಕಳಿಸಿ ಅಂದೆ.

ದೂರು ಕೊಟ್ಟು ಏಳು ತಿಂಗಳಾಯಿತು. ಎರಡು ಅಪ್‌ಡೇಟ್ ಬಂದರೂ ಲೆಕ್ಕ ಹಾಗೇ ಇದೆ. ಗೇಟ್‌ನಲ್ಲಿ ಕಾರ್ಡ್ ತೋರಿಸಿ ಹೊರಗೆ ಹೋಗುವ ಹೊತ್ತು ಹೇಗೂ ದಾಖಲಾಗುತ್ತದೆ. ಅಲ್ಲಿಂದ ಎಣಿಸಿದರೆ ಸಾಕಲ್ವಾ? ಅದು ಆಗುವ ತನಕ, ತಡವಾದ ರಾತ್ರಿ ಗೇಟ್ ಪಕ್ಕದಲ್ಲೇ ನಿಂತು ಹೊರಟ ಹೊತ್ತನ್ನು ಫೋರ್‌ಮನ್‌ಗೆ ಮೆಸೇಜ್ ಮಾಡುತ್ತೇನೆ. ಅವರು ಮರುದಿನದ ಶಿಫ್ಟ್ ಮುಂದೆ ಹಾಕಿದ್ದು ಸ್ಕ್ರೀನಿನಲ್ಲಿ ಕಂಡ ಮೇಲೆಯೇ ಮನೆ ಕಡೆ ಹೊರಡುತ್ತೇನೆ.